ನಿಧಾನದ ಗಂಟೆಗೆ ಒಪ್ಪಿಗೆ

ಲವೀನಾಳ ಅಡುಗೆಮನೆಯಲ್ಲಿ ಎರಡು ಗಡಿಯಾರ. ಒಲೆಯ ಮೇಲಿನ ಗೋಡೆಯದು ಮಾವ ಟೋಬಿಯಸ್ ಅವರದು. ಅದು ತೋರಿಸುವುದು ನಿಧಾನದ ಗಂಟೆ. ಹಿಂಬಾಗಿಲ ಪಕ್ಕದ್ದು ಗಂಡ ಎರ್ವಿನ್‌ನದು. ಅದು ಅವಸರದ ಗಂಟೆ. ಚಳಿಗಾಲ ಪೂರ್ತಿ ಎರಡೂ ಜಗಳವಿಲ್ಲದೆ ಒಂದೇ ಹೊತ್ತು ಹೇಳುತ್ತಿದ್ದವು. ಮಾರ್ಚ್ ತಿಂಗಳು ಬಂತೋ, ಇಂಗ್ಲಿಷಿನವರು, ಅಂದರೆ ಆಮಿಶರಲ್ಲದ ಹೊರಗಿನ ಜನವೆಲ್ಲ, ಒಂದು ಭಾನುವಾರ ತಮ್ಮ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಬಿಡುತ್ತಿದ್ದರು. ಲವೀನಾಳ ಆಮಿಶ್ ಸಭೆಯ ಜನ, ಹಳೆಯ ಬಾಳು ಬಿಡದ ಕ್ರೈಸ್ತರು, ತಿರುಗಿಸುತ್ತಿರಲಿಲ್ಲ. ಆ ದಿನದಿಂದ ನವೆಂಬರಿನವರೆಗೆ ಲವೀನಾ ಎರಡು ಹೊತ್ತುಗಳ ನಡುವೆ ಸಿಕ್ಕಿ ನುಗ್ಗಾಗುತ್ತಿದ್ದಳು.

ಅಮೆರಿಕದ ಈ ಇಂಡಿಯಾನಾದಲ್ಲಿ ಮೊದಲು ಈ ರಗಳೆ ಇರಲಿಲ್ಲ. ಎರಡು ವರ್ಷದ ಹಿಂದಿನವರೆಗೆ ಈ ಸೀಮೆಯ ಇಂಗ್ಲಿಷಿನವರೂ ಗಡಿಯಾರ ಮುಟ್ಟುತ್ತಿರಲಿಲ್ಲ. ಆಮೇಲೆ ರಾಜಧಾನಿಯಲ್ಲಿ ಕೂತವರು ಕೈಯೆತ್ತಿದರು, ಹೊತ್ತು ಬದಲಾಯಿತು. ಹಾಲಿನ ಲಾರಿಯ ಡ್ವೇನ್ ಅದನ್ನು ಹೇಳಿಕೊಂಡು ನಗದ ದಿನವಿರಲಿಲ್ಲ.

"ರೇಡಿಯೋದಲ್ಲಿ ಹೇಳ್ತಿದ್ರು ಕಣಮ್ಮ, ಈ ಗಡಿಯಾರದ ಆಟ ಎಲ್ಲಾ ರೈತರಿಗೋಸ್ಕರಾನೇ ಅಂತೆ!"

"ಯಾವ ರೈತ ಹೋಗಿ ಕೇಳಿದ್ನಂತೆ?" ಎಂದಿದ್ದಳು ಲವೀನಾ. "ಅವನ ಹೆಸರು ಹೇಳು, ನನ್ನ ಹಸುಗಳನ್ನ ಅವನ ಮನೆಗೇ ಹೊಡೀತೀನಿ. ಅವೇ ಮಾತಾಡಿಕೊಳ್ಳಲಿ."

ಡ್ವೇನ್ ನಗುತ್ತಲೇ ಹಾಲಿನ ಕ್ಯಾನಿಗೆ ಥರ್ಮಾಮೀಟರ್ ಇಳಿಬಿಟ್ಟು ನೋಡಿದ. ನಗು ನಿಂತಿತು. ಹಾಲು ಇನ್ನೂ ಬೆಚ್ಚಗಿತ್ತು. ಬೆಚ್ಚಗಿನ ಹಾಲನ್ನು ಚೀಸ್ ಕಾರ್ಖಾನೆ ತೆಗೆದುಕೊಳ್ಳುವುದಿಲ್ಲ. ಅವನು ಕ್ಯಾನುಗಳನ್ನು ಅಲ್ಲೇ ಬಿಟ್ಟು, "ಇನ್ನೊಂದು ಸಲ ಹೀಗಾದ್ರೆ ನಿನ್ನ ಮನೆ ಮುಂದೆ ಲಾರಿ ನಿಲ್ಲಿಸಬೇಡ ಅಂದಿದಾರೆ. ನನ್ನ ಬೈಬೇಡ," ಎಂದು ಹೋದ. ಆ ಹಾಲನ್ನೆಲ್ಲ ಹಂದಿಗಳು ಕುಡಿದವು.

ಲಾರಿ ಬರುತ್ತಿದ್ದದ್ದು ಅವಸರದ ಆರು ಗಂಟೆಗೆ. ಮಾವನ ಗಡಿಯಾರದಲ್ಲಿ ಆಗ ಐದು. ಅಷ್ಟರೊಳಗೆ ಹನ್ನೆರಡು ಹಸುಗಳನ್ನು ಕೈಯಲ್ಲಿ ಕರೆದು, ಕ್ಯಾನುಗಳನ್ನು ಊಟೆಯ ನೀರಿನ ತೊಟ್ಟಿಯಲ್ಲಿ ಇಳಿಸಿ, ತಣಿಸಬೇಕು. ನಡುವೆ ಎರ್ವಿನ್‌ನ ಬುತ್ತಿ ಕಟ್ಟಬೇಕು. ಗಾಲಿಮನೆಗಳನ್ನು ಕಟ್ಟುವ ಕಾರ್ಖಾನೆಗೆ ಅವನನ್ನು ಕರೆದೊಯ್ಯುವ ವ್ಯಾನ್ ಬರುವುದೂ ಅವಸರದ ಗಂಟೆಗೇ. ಅವನು ಹೋದ ಮೇಲೆ ಮಾವನಿಗೂ ಮೂವರು ಮಕ್ಕಳಿಗೂ ನಿಧಾನದ ಗಂಟೆಯ ತಿಂಡಿ. ಮಧ್ಯಾಹ್ನ ಎರ್ವಿನ್ ಹಸಿದು ಬಂದಾಗ ಒಂದು ಊಟ, ಮಾವನ ಗಡಿಯಾರ ಐದು ಹೊಡೆದಾಗ ಇನ್ನೊಂದು. ರಾತ್ರಿ ಮಾತಾಡಿಸಿಕೊಂಡು ಹೋಗಲು ಬರುವ ಸಭೆಯ ಜನ ಬರುವುದೂ ನಿಧಾನವಾಗಿ, ಏಳುವುದೂ ನಿಧಾನವಾಗಿ. ಅವರು ಹೋಗುವವರೆಗೆ ಲವೀನಾ ತೂಕಡಿಸದಂತೆ ತೊಡೆ ಜಿಗುಟಿಕೊಳ್ಳುತ್ತ ಕೂರುತ್ತಿದ್ದಳು.

"ಬೇಗ ಮಲಗಬಾರ್ದೇನೆ?" ಎಂದು ಪಕ್ಕದ ಹೊಲದ ಐಡಾ ಮೇ ಒಮ್ಮೆ ಕೇಳಿದಳು, ರಾತ್ರಿ ಒಂಬತ್ತರವರೆಗೆ ಲವೀನಾಳ ಮನೆಯಲ್ಲೇ ಕೂತು ಮೆಕ್ಕೆಜೋಳದ ಅರಳು ತಿನ್ನುತ್ತ.

ಲೆಕ್ಕ ಇಷ್ಟೇ: ಮಲಗುವುದು ನಿಧಾನದ ಗಂಟೆಗೆ, ಏಳುವುದು ಅವಸರದ ಗಂಟೆಗೆ. ಸರ್ಕಾರ ಮುಂದೆ ತಳ್ಳಿದ ಆ ಒಂದು ಗಂಟೆ ಬೇರೆಲ್ಲೂ ಹೋಗಿರಲಿಲ್ಲ, ಲವೀನಾಳ ನಿದ್ದೆಯೊಳಗಿಂದಲೇ ಹೋಗಿತ್ತು.

ಹಳ್ಳದಾಚೆಯ ಸಭೆಯವರು ಜಾಣರು. ನಿಧಾನವೂ ಬೇಡ, ಅವಸರವೂ ಬೇಡ ಎಂದು ಗಡಿಯಾರವನ್ನು ಅರ್ಧ ಗಂಟೆ ಮಾತ್ರ ಮುಂದಿಟ್ಟುಕೊಂಡಿದ್ದರು. ಈಗ ಅವರು ಎಲ್ಲರಿಗೂ ಅರ್ಧ ಗಂಟೆ ತಪ್ಪಿ ಬರುತ್ತಿದ್ದರು. ಮದುವೆಗೆ ಕರೆದರೆ ಪಾಪ ಬಾಗಿಲು ತೆರೆಯುವ ಮೊದಲೇ ಬಂದು ಅಂಗಳದಲ್ಲಿ ನಿಂತಿರುತ್ತಿದ್ದರು.

ಒಂದು ಬೆಳಿಗ್ಗೆ ಬುತ್ತಿ ಕೇಳಲು ಕೊಟ್ಟಿಗೆಗೆ ಬಂದ ಎರ್ವಿನ್‌ಗೆ ಲಾಂದ್ರದ ಬೆಳಕಿನಲ್ಲಿ ಹೆಂಡತಿ ಕಾಣಲಿಲ್ಲ. ಆಮೇಲೆ ಕಂಡಳು, ಹುಲ್ಲಿನ ಮೇಲೆ, ಚೆಲ್ಲಿದ ಹಾಲಿನ ಪಕ್ಕದಲ್ಲಿ. ಹಸು ಅವಳನ್ನು ತುಳಿಯದಂತೆ ಒಂದು ಕಾಲನ್ನು ಎತ್ತಿ ಹಿಡಿದುಕೊಂಡು ನಿಂತಿತ್ತು. ಸತ್ತೇಹೋದಳು ಎಂದುಕೊಂಡ ಎರ್ವಿನ್ ಕಿರುಚಿದ. ಲವೀನಾ ಎದ್ದು ಕೂತು, "ಏನಾಯ್ತು? ವ್ಯಾನ್ ಹೋಯ್ತಾ?" ಎಂದಳು. ಕರೆಯುತ್ತ ಕರೆಯುತ್ತಲೇ ನಿದ್ದೆ ಹತ್ತಿ ಉರುಳಿದ್ದಳು.

ಆ ದಿನ ಅವನು ಹೇಳಿದ, "ಮಾರಿಬಿಡೋಣ ಹಸುಗಳನ್ನ. ನನ್ನ ಸಂಬಳ ಸಾಕು ನಮಗೆ."

"ನಾನೇನು ಮಾಡ್ಲಿ ಆಮೇಲೆ?"

"ಮನೇಲಿ ಕೆಲಸ ಇಲ್ವಾ?"

ಮನೆಯಲ್ಲಿ ಕೆಲಸಕ್ಕೇನು ಬರ. ಆದರೆ ಆ ಕೆಲಸದಲ್ಲಿ ಒಂದಾದರೂ ಲವೀನಾಳದಲ್ಲ. ಮದುವೆಯಲ್ಲಿ ಅವಳ ಅಪ್ಪ ಕೊಟ್ಟ ಎರಡು ಕಡಸುಗಳಿಂದ ಈ ಕೊಟ್ಟಿಗೆ ತುಂಬಿತ್ತು. ಒಂದೊಂದು ಕರುವನ್ನೂ ಅವಳೇ ಕೈಹಾಕಿ ಎಳೆದಿದ್ದಳು. ಯಾವುದಕ್ಕೆ ಬಲಗಡೆ ಕೂತರೆ ಸಿಟ್ಟು, ಯಾವುದಕ್ಕೆ ಹಾಡಿದರೆ ಹಾಲಿಳಿಯುತ್ತದೆ, ಎಲ್ಲ ಅವಳಿಗೆ ಗೊತ್ತು. ಕೊಟ್ಟಿಗೆಯಲ್ಲಿ ಅವಳನ್ನು ಯಾರೂ ಅಮ್ಮ, ಸೊಸೆ, ಏ ಇವಳೇ ಎಂದು ಕೂಗುತ್ತಿರಲಿಲ್ಲ. ಹಸುಗಳು ಹೋದರೆ ಅವಳು ಬೆಳಗಿನಿಂದ ರಾತ್ರಿಯವರೆಗೆ ಆ ಎರಡು ಗಡಿಯಾರಗಳ ನಡುವೆಯೇ ಇರಬೇಕು.

"ಕಟ್ಟಳೆ ಸಭೆವರೆಗೆ ತಡಿ," ಎಂದು ಬೇಡಿಕೊಂಡಳು. "ಈ ಸಲ ಗಂಟೆ ವಿಷಯ ಎತ್ತುತ್ತಾರಂತೆ. ಸಭೆಯವರೆಲ್ಲ ಅವಸರದ ಗಂಟೆ ಹಿಡಿದ್ರೆ ನಮ್ಮನೇಲೂ ಒಂದೇ ಹೊತ್ತಾಗುತ್ತೆ. ಎಲ್ಲರ ಜೊತೆ ನಾನೂ ಒಂದು ಗಂಟೆ ಮುಂಚೆ ಮಲಗ್ತೀನಿ."

ಎರ್ವಿನ್ ಹ್ಯಾಟು ತೆಗೆದು ತಲೆ ಕೆರೆದುಕೊಂಡ. "ಆಯ್ತು. ಸಭೆ ಬದಲಾಯಿಸಿದ್ರೆ ಹಸು ಇರ್ಲಿ. ಬದಲಾಯಿಸದಿದ್ರೆ ಆ ಗುರುವಾರವೇ ದಲ್ಲಾಳಿ ಬರ್ತಾನೆ. ಆಮೇಲೆ ಅಳಬಾರ್ದು."

ಕಟ್ಟಳೆ ಸಭೆಯೆಂದರೆ ಪ್ರಭುಭೋಜನಕ್ಕೆ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಗೆ, ಎರಡು ವಾರ ಮೊದಲು ಸೇರುವ ಸಭೆ. ಹ್ಯಾಟಿನ ಅಂಚು ಎಷ್ಟಗಲ, ಕುದುರೆಗಾಡಿಗೆ ಯಾವ ದೀಪ ಎಂಬುದೆಲ್ಲ ಅಲ್ಲೇ ತೀರ್ಮಾನ. ಪ್ರತಿಯೊಬ್ಬರ ಮುಂದೆ ಹೋಗಿ ಕೇಳುತ್ತಾರೆ, ಪ್ರತಿಯೊಬ್ಬರೂ ಬಾಯಿಬಿಟ್ಟು "ಒಪ್ಪಿದ್ದೇನೆ" ಎನ್ನಬೇಕು. ಒಬ್ಬರು ಒಪ್ಪದಿದ್ದರೂ ಸಭೆಯಲ್ಲಿ ಸಮಾಧಾನವಿಲ್ಲ, ಸಮಾಧಾನವಿಲ್ಲದ ಸಭೆಗೆ ರೊಟ್ಟಿಯೂ ಇಲ್ಲ, ದ್ರಾಕ್ಷಾರಸವೂ ಇಲ್ಲ. ಒಳಗೊಂದು ಇಟ್ಟುಕೊಂಡು ಒಪ್ಪಿದೆನೆಂದು ಸುಳ್ಳು ಹೇಳಿ ರೊಟ್ಟಿ ತಿಂದವರಿಗಂತೂ ಅದು ಶಾಪವಾಗಿ ಮೈಗಿಳಿಯುತ್ತದೆಂದು ಚಿಕ್ಕಂದಿನಿಂದ ಕೇಳಿದ್ದರು.

ಲವೀನಾಳಿಗೆ ಹೆದರಿಕೆಯಿದ್ದದ್ದು ಒಬ್ಬರದೇ. ಅದು ಮಾವನದು. ಟೋಬಿಯಸ್ ಮೃದು ಮನುಷ್ಯ, ಸೊಸೆಗೆ ಒಂದು ಒರಟು ಮಾತಾಡಿದವರಲ್ಲ. ಆದರೆ ಗಂಟೆಯ ವಿಷಯ ಬಂದರೆ ಗೂಟ ಹೊಡೆದು ನಿಲ್ಲುತ್ತಿದ್ದರು. "ಸೂರ್ಯನ್ನ ತೂಗುಹಾಕಿದವನು ದೇವರು. ಸರ್ಕಾರ ಬೇಕಾದ್ರೆ ರಸ್ತೆ ಅಗಲ ಮಾಡ್ಲಿ. ಹೊತ್ತನ್ನ ಅಗಲ ಮಾಡೋಕೆ ಇವರ್ಯಾರು?" ಎನ್ನುತ್ತಿದ್ದರು. ಲವೀನಾ ಅವರೆದುರು ಬಾಯಿಬಿಟ್ಟು ಏನನ್ನೂ ಕೇಳಲಿಲ್ಲ. ಮುದುಕರ ಮನಸ್ಸಿಗೆ ವಿರುದ್ಧವಾಗಿ ಬೇಡಿಕೊಳ್ಳುವುದೂ ಒಂದು ಬಲವಂತವೇ. ಅವರ ತಟ್ಟೆಗೆ ಸೂಪು ಬಡಿಸುವಾಗ ಅವಳ ಕೈ ಅಲುಗಾಡಿ ಮೇಜಿನ ಮೇಲೆ ಚೆಲ್ಲುತ್ತಿತ್ತು, ಅವರು ನೋಡುತ್ತಿದ್ದರು, ಅಷ್ಟೇ.

ಕಟ್ಟಳೆ ಸಭೆಯ ಭಾನುವಾರ ಐಡಾ ಮೇಯ ಮನೆಯ ಗಾಡಿಕೊಟ್ಟಿಗೆಯಲ್ಲಿ ಬೆಂಚುಗಳು ತುಂಬಿದವು. ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು. ಬೈಬಲಿನ ನೋಹನ ಕಥೆಯಿಂದ ಹಿಡಿದು ಬೋಧನೆ ಮುಗಿಯುವಷ್ಟರಲ್ಲಿ ಮಧ್ಯಾಹ್ನ ಬಾಗಿತ್ತು. ಬಿಷಪ್ ಫ್ರೀಮನ್ ಶ್ರಾಕ್ ಎದ್ದು ನಿಂತರು. ಅವರ ಮುಖ ನೋಡಿದರೆ ಈ ವಿಷಯ ಎತ್ತುವುದಕ್ಕಿಂತ ಹಲ್ಲು ಕೀಳಿಸಿಕೊಳ್ಳುವುದೇ ವಾಸಿ ಎಂಬಂತಿತ್ತು.

"ಕಾರ್ಖಾನೆಗೆ ಹೋಗೋರಿದಾರೆ, ಹಾಲು ಹಾಕೋರಿದಾರೆ. ಮನೇಲಿ ಎರಡೆರಡು ಹೊತ್ತು ಇಟ್ಕೊಂಡು ನಮ್ಮ ಹೆಣ್ಣುಮಕ್ಕಳು ಸೋತಿದಾರೆ ಅಂತ ನನ್ನ ಕಿವಿಗೆ ಬಿದ್ದಿದೆ," ಎಂದರು. "ಸಭೆಯೂ ಅವಸರದ ಗಂಟೆ ಹಿಡೀಲಿ ಅಂತ ಬೋಧಕರಿಗೆ ಅನ್ನಿಸಿದೆ. ನೀವು ಏನಂತೀರಿ?"

ಕೇಳುವುದು ಹಿರಿಯರಿಂದ. ಸಭಾಸೇವಕ ಕ್ಲೀಟಸ್ ಮೊದಲು ಟೋಬಿಯಸ್ ಅವರ ಮುಂದೆ ಬಂದು ಬಾಗಿದ. ಲವೀನಾ ತನ್ನ ಬಿಳಿ ಏಪ್ರನ್ನಿನ ತುದಿ ಹಿಡಿದುಕೊಂಡಳು. ಟೋಬಿಯಸ್ ತಲೆಯೆತ್ತದೆ ಗಡ್ಡ ನೀವಿಕೊಂಡರು, ಗಂಟಲು ಸರಿಮಾಡಿಕೊಂಡರು, ಮತ್ತೆ ನೀವಿಕೊಂಡರು.

"ಒಪ್ಪಿದ್ದೇನೆ," ಎಂದರು.

ಬೆಂಚುಗಳ ಮೇಲೆ ಜನ ಅಲುಗಿದ ಸದ್ದಾಯಿತು. ಲವೀನಾಳಿಗೆ ಕಣ್ಣು ಮಂಜಾಯಿತು. ದೊಡ್ಡ ಗೂಟವೇ ಕಿತ್ತು ಬಂದ ಮೇಲೆ ಉಳಿದವರದ್ದೇನು. ಕ್ಲೀಟಸ್ ಬೆಂಚಿನಿಂದ ಬೆಂಚಿಗೆ ಸರಿದ. ಒಪ್ಪಿದ್ದೇನೆ, ಒಪ್ಪಿದ್ದೇನೆ, ಒಪ್ಪಿದ್ದೇನೆ. ಅವಳು ಆಗಲೇ ಮನಸ್ಸಿನಲ್ಲಿ ಒಂದು ಗಂಟೆ ಮುಂಚೆ ದೀಪವಾರಿಸಿ, ಹೊದ್ದಿಕೆ ಎಳೆದುಕೊಂಡು, ಗಾಢ ನಿದ್ದೆಗೆ ಜಾರಿದ್ದಳು. ಕ್ಲೀಟಸ್ ಎರ್ವಿನ್‌ನ ಮುಂದೆ ಬಂದ.

"ನಾನು ಒಪ್ಪಿಲ್ಲ," ಎಂದ ಎರ್ವಿನ್.

ಕ್ಲೀಟಸ್ ಕೇಳಿಸಲಿಲ್ಲವೆಂಬಂತೆ ಇನ್ನಷ್ಟು ಬಾಗಿದ. ಎರ್ವಿನ್ ಎದ್ದು ನಿಂತ. ಕಿವಿ ಕೆಂಪಾಗಿತ್ತು.

"ನಮ್ಮಪ್ಪ ಒಪ್ಪಿದಾರೆ, ಸಭೆಯ ಸಮಾಧಾನಕ್ಕೋಸ್ಕರ. ಅವರ ಮನಸ್ಸು ನಂಗೆ ಗೊತ್ತು. ಈ ವಯಸ್ಸಲ್ಲಿ ಅವರ ಗಡಿಯಾರ ತಿರುಗಿಸಿ ನಾನು ಸುಖವಾಗಿರೋದು ಬೇಡ. ಅಪ್ಪನಿಗೋಸ್ಕರ ಹೇಳ್ತಿದೀನಿ, ತಪ್ಪಿದ್ರೆ ಕ್ಷಮಿಸಿ."

ಮುದುಕರ ಸಾಲಿನಲ್ಲಿ ಯಾರೋ ಮೂಗೊರೆಸಿಕೊಂಡರು. ಹೆಂಗಸರ ಕಡೆ ಐಡಾ ಮೇ ಕರವಸ್ತ್ರ ತೆಗೆದಳು. ಕಾರ್ಖಾನೆಗೆ ಹೋಗುವ ಮಗ, ಅವಸರದ ಗಂಟೆಯಿಂದ ಲಾಭವಿರುವ ಮಗ, ಅಪ್ಪನಿಗಾಗಿ ತನ್ನ ಸುಖ ಬಿಡುತ್ತಿದ್ದಾನೆ! ಇಂಥ ವಿನಯವನ್ನು ನೋಡದೆ ಎಷ್ಟು ಕಾಲವಾಗಿತ್ತು. ಟೋಬಿಯಸ್ ಮಾತ್ರ ತಿರುಗಿ ಮಗನನ್ನು ನೋಡಿದರು. ಎಲ್ಲರೂ ಕಣ್ಣೊರೆಸಿಕೊಳ್ಳುವಾಗ, ನನಗೆ ಈ ಉಪಕಾರ ಬೇಡ ಎಂದು ಹೇಗೆ ಹೇಳುವುದು?

ಬಿಷಪ್ ಅವರಿಗೂ ಭಾರ ಇಳಿದಂತಾಯಿತು. "ಹಾಗಾದ್ರೆ ಇದ್ದ ಹಾಗೇ ಇರ್ಲಿ. ನಿಧಾನದ ಗಂಟೆಯೇ ನಡೀಲಿ. ಎಲ್ಲರೂ ಇದಕ್ಕೆ ಒಪ್ಪಿ, ಸಮಾಧಾನದಿಂದ ಭೋಜನಕ್ಕೆ ಹೋಗೋಣ," ಎಂದರು. ಮತ್ತೆ ಮೊದಲಿಂದ ಕೇಳುವುದು ಶುರುವಾಯಿತು. ಗಂಡಸರು ಮುಗಿದರು, ಹೆಂಗಸರ ಸಾಲು ಬಂತು. ಒಪ್ಪಿದ್ದೇನೆ, ಒಪ್ಪಿದ್ದೇನೆ. ಲವೀನಾ ಗಂಡನನ್ನು ನೋಡಿದಳು, ಅವನು ತನ್ನ ಬೂಟು ನೋಡುತ್ತಿದ್ದ. ಅವಳಿಗೆ ಆಗ ಎಲ್ಲ ತಿಳಿಯಿತು. ಅಪ್ಪನಿಗೋಸ್ಕರ ಅಂತೆ! ಗುರುವಾರ ದಲ್ಲಾಳಿ ಬರಲಿ ಎಂದು ಹೇಳಿದ ಮಾತು ಅದು.

ಕ್ಲೀಟಸ್ ಅವಳ ಮುಂದೆ ನಿಂತ. ಒಲೆಯ ಮೇಲೆ ಹುರುಳಿಕಾಯಿ ಬೀಜದ ಸೂಪು ಕುದಿಯುವ ವಾಸನೆ ಬರುತ್ತಿತ್ತು. ಒಂದು ಮಗು ಹಸಿದು ಅಳುತ್ತಿತ್ತು. ಎಡಕ್ಕೆ ಐಡಾ ಮೇಯ ಮೊಣಕೈ, ಬಲಕ್ಕೆ ಅತ್ತಿಗೆಯ ಮೊಣಕೈ. ಒಪ್ಪಿಲ್ಲ ಎಂದರೆ ಸಭೆಗೆ ಭೋಜನವಿಲ್ಲ. ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಹೇಳಿದರೆ ಗಂಡನ ಸುಳ್ಳು ಎಲ್ಲರ ಮುಂದೆ ಬೀಳುತ್ತದೆ.

"ಒಪ್ಪಿದ್ದೇನೆ," ಎಂದಳು ಲವೀನಾ. ಆ ಧ್ವನಿ ಅವಳಿಗೇ ಬೇರೆ ಯಾರದೋ ಅನ್ನಿಸಿತು.

ಊಟದ ಹೊತ್ತಿನಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಕೈ ಹಿಡಿದರು. "ಎಂಥಾ ಗಂಡ ಸಿಕ್ಕಿದಾನೆ ನಿನಗೆ!" ಎಂದಳು ಐಡಾ ಮೇ. ಲವೀನಾ ಬ್ರೆಡ್ಡಿಗೆ ಕಡಲೆಕಾಯಿ ಬೆಣ್ಣೆ ಸವರುತ್ತ, "ಹೌದು," ಎಂದಳು. ಇನ್ನೇನು ಹೇಳಲು ಬರುತ್ತಿತ್ತು? ಟೋಬಿಯಸ್ ಕಾಫಿಗೆಂದು ಖಾಲಿ ಲೋಟ ಚಾಚುತ್ತ ಅವಳ ಪಕ್ಕದಲ್ಲಿ ನಿಂತರು.

"ನಾನು ಒಪ್ಪಿದ್ದೇನೆ ಅಂದಿದ್ದು ನಿನ್ನ ನೋಡಿ, ಮಗಳೇ," ಎಂದರು ಮೆಲ್ಲಗೆ. "ನಿನ್ನ ಕೈ ನಡುಗೋದು ನೋಡಿ. ಅವನು ನನಗೋಸ್ಕರ ಅಂತಾನೆ. ನಾನೇನು ಕೇಳಿದ್ನಾ ಅವನನ್ನ?" ಲೋಟ ತುಂಬಿದ ಮೇಲೂ ಅವರು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ಆಮೇಲೆ ಯಾರೋ ಕರೆದರು, ಹೋದರು.

ಸಂಜೆ ಕೊಟ್ಟಿಗೆಯಲ್ಲಿ ಲವೀನಾ ಮೂರನೆಯ ಹಸುವಿಗೆ ಕೂತಿದ್ದಾಗ ಎರ್ವಿನ್ ಬಂದ. ಬಕೆಟ್ಟೊಂದನ್ನು ತೆಗೆದುಕೊಂಡು ಪಕ್ಕದ ಹಸುವಿನ ಕೆಳಗೆ ಕೂತ. ಕಾರ್ಖಾನೆಗೆ ಸೇರಿದ ಮೇಲೆ ಅವನು ಹಾಲು ಕರೆದದ್ದೇ ಇಲ್ಲ. ಹಸು ಬಾಲ ಬೀಸಿ ಅವನ ಹ್ಯಾಟು ಕೆಡವಿತು. ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು.

"ಕೋಪ ಮಾಡ್ಕೊಂಡಿದೀಯ," ಎಂದ.

ಹಾಲು ಬಕೆಟ್ಟಿಗೆ ಬೀಳುತ್ತಲೇ ಇತ್ತು.

"ಗಂಟೆ ಬದಲಾಯಿಸಿದ್ರೆ ಎಲ್ಲಾ ಸರಿಹೋಗ್ತಿತ್ತು ಅಂತ ಅಂದ್ಕೊಂಡಿದೀಯ ನೀನು. ಹೋಗ್ತಿರ್ಲಿಲ್ಲ ಕಣೆ. ಉಳಿದ ಗಂಟೇಲಿ ನೀನು ನಿದ್ದೆ ಮಾಡ್ತಿರ್ಲಿಲ್ಲ, ಇನ್ನೆರಡು ಹಸು ಕಟ್ತಿದ್ದೆ. ನಂಗೊತ್ತು ನಿನ್ನ. ಆವತ್ತು ನೀನು ಇಲ್ಲಿ ಬಿದ್ದಿದ್ದೆಯಲ್ಲ, ನಾನು ನೋಡ್ದಾಗ..." ಅವನು ಬಕೆಟ್ಟನ್ನು ಸರಿಮಾಡಿಕೊಂಡ. "ಮೂರು ಮಕ್ಕಳನ್ನ ಇಟ್ಕೊಂಡು ನಾನೇನು ಮಾಡ್ಲಿ ಅನ್ನಿಸಿಬಿಡ್ತು."

ಅವನು ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು! ಬೈದು, ಅತ್ತು, ಅಮ್ಮನ ಮನೆಗಾದರೂ ಹೋಗಬಹುದಿತ್ತು. ಒಬ್ಬರೂ ಅವಳ ಕೇಡು ಬಯಸಿರಲಿಲ್ಲ. ಮಾವ ಅವಳಿಗಾಗಿ ಬಿಟ್ಟುಕೊಟ್ಟರು, ಗಂಡ ಅವಳನ್ನು ಉಳಿಸಿಕೊಳ್ಳಲು ಸುಳ್ಳು ಹೇಳಿದ, ಅವಳು ಅವನ ಮಾನಕ್ಕಾಗಿ ಸುಳ್ಳು ಹೇಳಿದಳು. ಎಲ್ಲರೂ ಒಳ್ಳೆಯವರಾಗಿ ಸೇರಿ ಅವಳ ಸುತ್ತ ಬೇಲಿ ಹಾಕಿದ್ದರು, ಕೊನೆಯ ಕಂಬವನ್ನು ನೆಟ್ಟವಳು ಅವಳೇ.

"ನಾನು ಇವತ್ತು ಒಪ್ಪಿದ್ದೇನೆ ಅಂದೆನಲ್ಲ," ಎಂದಳು ಲವೀನಾ. "ಒಪ್ಪಿರ್ಲಿಲ್ಲ. ಈಗ್ಲೂ ಒಪ್ಪಿಲ್ಲ. ಎರಡು ವಾರ ಬಿಟ್ಟು ರೊಟ್ಟಿ ತಿನ್ನಬೇಕು. ಹೇಗೆ ತಿನ್ನಲಿ?"

ಎರ್ವಿನ್‌ನ ಕೈ ನಿಂತಿತು. ಇದನ್ನು ಅವನು ಯೋಚಿಸಿರಲಿಲ್ಲ. ತಾನು ಹೇಳಿದ್ದೂ ಅಂಥದೇ ಸುಳ್ಳೆಂಬುದು ಅವನಿಗೆ ಆಗ ಹೊಳೆದಿರಬೇಕು. ಲಾಂದ್ರದ ಬೆಳಕಿನಲ್ಲಿ ಮುಖದ ಬಣ್ಣ ಇಳಿಯಿತು.

"ಬಿಷಪ್‌ಗೆ ಹೇಳ್ತೀಯಾ?"

"ಹೇಳಿದ್ರೆ ಯಾಕೆ ಸುಳ್ಳು ಹೇಳಿದೆ ಅಂತ ಕೇಳ್ತಾರೆ. ಆಗ ನಿನ್ನ ಮಾತು ಬರುತ್ತೆ. ಸಭೆ ಮುಂದೆ ಮೊಣಕಾಲೂರಿ ತಪ್ಪೊಪ್ಪಿಕೋ ಅಂತಾರೆ ನಿನ್ನ."

ಅವರ ಜನಕ್ಕೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಮಧ್ಯಾಹ್ನ ಕಣ್ಣೊರೆಸಿಕೊಂಡ ಮುದುಕರೇ ಎದುರಿಗೆ ಕೂತಿರುತ್ತಾರೆ, ಅಪ್ಪ ಮೊದಲ ಸಾಲಿನಲ್ಲಿರುತ್ತಾರೆ.

"ನಾನೇ ಹೋಗಿ ಹೇಳ್ತೀನಿ ಬೇಕಾದ್ರೆ," ಎಂದ ಕೊನೆಗೆ. "ಫ್ರೀಮನ್ ಹತ್ರ ಹೋಗಿ, ಅಪ್ಪನಿಗೋಸ್ಕರ ಅಲ್ಲ, ಹಸು ಮಾರಿಸೋಕೆ ಹಾಗಂದೆ ಅಂತ ಹೇಳಿಬಿಡ್ತೀನಿ. ಮೊಣಕಾಲೂರು ಅಂದ್ರೆ ಊರ್ತೀನಿ."

ಹೇಳಿ ಅವನು ಅವಳತ್ತ ನೋಡಿದ. ಆ ನೋಟ ಲವೀನಾಳಿಗೆ ಚೆನ್ನಾಗಿ ಗೊತ್ತು. ಕೊನೆಯ ತುಂಡು ಪೈ ತಟ್ಟೆಯಲ್ಲಿ ಉಳಿದಾಗ ನೀವು ತಗೊಳ್ಳಿ ಎನ್ನುವವರ ನೋಟ ಅದು. ಇಲ್ಲಿ ಎಲ್ಲರೂ ಮೊದಲು ತಾವು ಬಿಟ್ಟುಕೊಡುತ್ತೇವೆ ಎನ್ನುತ್ತಾರೆ, ಎದುರಿನವರು ಅಯ್ಯೋ ಬೇಡ ಬಿಡಿ ಎನ್ನುತ್ತಾರೆ, ಹಾಗೆ ಬಾಳು ಸಾಗುತ್ತದೆ. ಅವಳ ಅಮ್ಮ, ಅಜ್ಜಿ, ಐಡಾ ಮೇ, ಯಾರನ್ನು ಇಲ್ಲಿ ಕೂರಿಸಿದ್ದರೂ ಈಗ ಅದನ್ನೇ ಅನ್ನುತ್ತಿದ್ದರು. ಅವಳ ನಾಲಿಗೆಯ ಮೇಲೂ ಅದೇ ಬಂದಿತ್ತು. ಹಸುವಿನ ಬೆಚ್ಚಗಿನ ಹೊಟ್ಟೆಗೆ ಹಣೆ ಒತ್ತಿಕೊಂಡು ಅವಳು ಅದನ್ನು ನುಂಗಿದಳು.

"ಹೋಗು," ಎಂದಳು.

"ಏನು?"

"ಹೋಗಿ ಹೇಳು. ನಾನೂ ಸುಳ್ಳು ಹೇಳಿದೆ ಅಂತಾನೂ ಹೇಳು. ನಾಳೆ ಅಂದ್ರೆ ನಿನಗೂ ಧೈರ್ಯ ಇರಲ್ಲ, ನನಗೂ ಇರಲ್ಲ. ಈಗ್ಲೇ ಹೋಗು."

ಎರ್ವಿನ್ ಎದ್ದ. ಬಕೆಟ್ಟನ್ನು ಎಲ್ಲಿಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡು ನಿಂತ. ಆಮೇಲೆ ಅದನ್ನು ಅವಳ ಪಕ್ಕದಲ್ಲಿಟ್ಟು, ಹುಲ್ಲಿನಲ್ಲಿ ಬಿದ್ದಿದ್ದ ಹ್ಯಾಟು ಹುಡುಕಿ, ಕೊಡವಿ, ತಲೆಗೆ ಹಾಕಿಕೊಂಡು ಹೊರಗೆ ಹೋದ. ಇದರಿಂದ ಏನೇನಾಗುತ್ತದೆಂದು ಲವೀನಾಳಿಗೆ ಗೊತ್ತಿತ್ತು. ಭೋಜನ ಮುಂದೆ ಹೋಗುತ್ತದೆ. ಒಂದು ಹೆಂಗಸಿನ ಹಸುಗಳಿಗಾಗಿ ಇಡೀ ಸಭೆ ಕಾಯಬೇಕಾಯಿತಲ್ಲ ಎಂದು ಐಡಾ ಮೇಯೇ ಮೊದಲು ಅನ್ನುತ್ತಾಳೆ. ಇಷ್ಟೆಲ್ಲ ಆದ ಮೇಲೂ ಹಸುಗಳು ಉಳಿಯುತ್ತವೆಂದು ಹೇಳುವಂತಿಲ್ಲ. ಅವಳಿಗೆ ನಾಚಿಕೆಯಾಯಿತು, ಗಂಡನನ್ನು ನೆನೆದು ಮರುಕವೂ ಆಯಿತು. ಆದರೂ ಮೈಯಲ್ಲಿ ಎಲ್ಲೋ ಒಂದು ಕಡೆ ಖುಷಿ, ಕದ್ದು ಸಕ್ಕರೆ ತಿಂದವಳ ಖುಷಿ. ಹುಟ್ಟಿದಾಗಿನಿಂದ ಮೊದಲ ಸಲ ಅವಳು ಬೇಡ ಬಿಡಿ ಎನ್ನದೆ ಉಳಿದಿದ್ದಳು.

ಹೊರಗೆ ಕುದುರೆಯನ್ನು ಗಾಡಿಗೆ ಕಟ್ಟುವ ಸದ್ದಾಗುವವರೆಗೆ ಕಾದು, ಅವಳು ಎರ್ವಿನ್ ಅರ್ಧ ಬಿಟ್ಟಿದ್ದ ಹಸುವಿನ ಕೆಳಗೆ ಹೋಗಿ ಕೂತಳು.